ರುಚಿ ನೋಡದೆ ಹಾಕಿದ ಸಹಿ

ಗುಡೇಕೋಟೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಒಂಬತ್ತು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಮನೆ ಕೂಡ್ಲಿಗಿಯಲ್ಲಿ. ವಾರದಲ್ಲಿ ಆರು ದಿನ ಬಸ್ಸು ಹಿಡಿದು ಶಾಲೆಗೆ ಹೋಗುತ್ತಿದ್ದೆ, ಭಾನುವಾರ ನಡೆದುಕೊಂಡು ಚರ್ಚಿಗೆ. ನಮ್ಮದು ಚಿಕ್ಕ ಸಭೆ, ಇಪ್ಪತ್ತು ಇಪ್ಪತ್ತೆರಡು ಮನೆಯವರು. ಸಭೆ ನಡೆಸುವ ಅಯ್ಯನವರು ಹರಪನಹಳ್ಳಿಯಿಂದ ತಿಂಗಳಿಗೆ ಎರಡು ಸಲ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ನಮ್ಮಲ್ಲೇ ಯಾರಾದರೂ ವಾಕ್ಯ ಓದಿ ಪ್ರಾರ್ಥನೆ ನಡೆಸಬೇಕಿತ್ತು. ಹೆಚ್ಚಾಗಿ ಅದು ನಾನೇ.

ನನ್ನ ಅಪ್ಪ ಉಪದೇಶಿಯಾಗಿದ್ದವರು, ಸೈಕಲ್ಲಿನ ಮೇಲೆ ಊರೂರು ತಿರುಗಿ ಪಾಠ ಹೇಳುತ್ತಿದ್ದವರು. ಅವರ ಮಗಳೆಂದು, ಮೇಲಾಗಿ ಓದಿದವಳೆಂದು, ಸಭೆಯಲ್ಲಿ ದೃಢೀಕರಣದ ಪಾಠವನ್ನು ನನಗೆ ವಹಿಸಿದ್ದರು. ಕೂಸಾಗಿದ್ದಾಗ ದೀಕ್ಷಾಸ್ನಾನವಾದವರು ದೊಡ್ಡವರಾದ ಮೇಲೆ ತಮ್ಮ ಬಾಯಿಂದಲೇ ನಂಬಿಕೆಯನ್ನು ಒಪ್ಪಿಕೊಳ್ಳಬೇಕು. ಬಿಷಪ್ಪರು ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಅಲ್ಲಿಂದಾಚೆಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಅವರಿಗೂ ಸಿಗುತ್ತದೆ. ಅದಕ್ಕೆ ಮೊದಲು ಮೂರು ತಿಂಗಳ ಪಾಠ. ಯಾರು ಸಿದ್ಧರಾಗಿದ್ದಾರೆ, ಯಾರು ಆಗಿಲ್ಲ ಎಂದು ಪಟ್ಟಿ ಬರೆದುಕೊಡುವವಳು ನಾನು.

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ಮರುವರ್ಷ ನನ್ನ ಪಾಠಕ್ಕೆ ನಾಲ್ಕು ಜನ ಕಾಲೇಜು ಹುಡುಗಿಯರ ಜೊತೆಗೆ ಒಬ್ಬ ವಯಸ್ಸಾದ ಹೆಂಗಸು ಬಂದು ಕೂತಳು. ಬೇರೆ ಯಾರೂ ಅಲ್ಲ, ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು. ಹರಪನಹಳ್ಳಿ ಸೀಮೆಯ ಕ್ರೈಸ್ತ ಮನೆತನದಲ್ಲಿ ಹುಟ್ಟಿದವಳು. ಚಿಕ್ಕಂದಿನಲ್ಲೇ ತಾಯಿ ಸತ್ತು, ಬೇಗ ಮದುವೆಯಾಗಿ, ಬೇಗ ಗಂಡನನ್ನು ಕಳೆದುಕೊಂಡು, ದೃಢೀಕರಣ ಎನ್ನುವುದು ಅವಳ ಪಾಲಿಗೆ ಬಂದೇ ಇರಲಿಲ್ಲ. ಭೋಜನದ ಹೊತ್ತಿಗೆ ಎಲ್ಲರೂ ಎದ್ದು ಮುಂದೆ ಹೋದರೆ ಅವಳೊಬ್ಬಳೇ ಹಿಂದಿನ ಚಾಪೆಯ ಮೇಲೆ ಕೂತಿರುತ್ತಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು. ಚರ್ಚಿನಲ್ಲಿ ಅವಳನ್ನು ‘ಅಕ್ಕಾ’ ಎಂದು ಬಹುವಚನದಲ್ಲಿ ಮಾತಾಡಿಸುತ್ತಿದ್ದೆ. ಶಾಲೆಯಲ್ಲಿ ಹೆಸರು ಹಿಡಿದು, ಏಕವಚನದಲ್ಲಿ. ಅವಳು ಮಾತ್ರ ಎರಡೂ ಕಡೆ ನನ್ನನ್ನು, ಟೀಚರಮ್ಮನನ್ನು ಕರೆಯುವಂತೆ, ‘ಅಕ್ಕೋರ’ ಎಂದೇ ಕರೆಯುತ್ತಿದ್ದಳು. ನನ್ನ ಆ ಎರಡು ಬಗೆ ತಪ್ಪೆಂದು ಆಗ ನನಗೆ ಒಮ್ಮೆಯೂ ಅನಿಸಿರಲಿಲ್ಲ.

ಅವಳಿಗೆ ಓದು ಬರುತ್ತಿರಲಿಲ್ಲ. ಕೇಳಿಸಿಕೊಂಡದ್ದು ಬಾಯಿಗೆ ನಿಲ್ಲುತ್ತಿರಲಿಲ್ಲ. ಹತ್ತು ಆಜ್ಞೆಗಳಲ್ಲಿ ಆರನೆಯದನ್ನು ಎಂಟನೆಯದಕ್ಕೆ ತಂದು ಸೇರಿಸುತ್ತಿದ್ದಳು. ಹುಡುಗಿಯರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ನನಗೆ ಮಾತ್ರ ಸಿಟ್ಟು ಬರುತ್ತಿತ್ತು. ಒಂದು ಭಾನುವಾರದ ಪಾಠ, ಜ್ಞಾನ ಎಲ್ಲಿಂದ ಶುರುವಾಗುತ್ತದೆ ಎಂಬುದು. ದೇವರ ಮೇಲಿನ ಭಯಭಕ್ತಿಯಿಂದ ಎಂದು ಉತ್ತರ. ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ಒಪ್ಪಿಸಿದರು. ಅವಳ ಸರದಿ ಬಂದಾಗ ಕೇಳಿದಳು:

“ಭಯ ಅಂದ್ರ ಎಂಥಾ ಭಯರಿ ಅಕ್ಕೋರ? ಪೊಲೀಸ್ರನ್ನ ಕಂಡ್ರ ಆಗತೈತಲ್ಲ, ಹಂಗೇನ್ರಿ?”

ಹುಡುಗಿಯರು ಮತ್ತೆ ನಕ್ಕರು. ಅಪ್ಪ ಹೇಳಿಕೊಟ್ಟಿದ್ದನ್ನು ನಾನು ಹೇಳಿದೆ. ಹೊಡೆಯುತ್ತಾರೆಂಬ ಭಯ ಅದಲ್ಲ. ನಮ್ಮನ್ನು ಪೂರ್ತಿ ಬಲ್ಲವನೊಬ್ಬ ಇದ್ದಾನೆ, ಅವನಿಗೆ ಬೇಸರವಾಗುವಂಥದ್ದನ್ನು ಮಾಡಬಾರದು ಎಂಬ ಗೌರವ. ಅವನ ಎದುರು ನಾವು ಎಷ್ಟರವರು ಎಂಬ ಅರಿವು. ಅದು ಮೊದಲು ಬರಬೇಕು, ಉಳಿದ ತಿಳಿವಳಿಕೆಯೆಲ್ಲ ಅದರ ಮೇಲೆ ನಿಲ್ಲುತ್ತದೆ. ಚೆನ್ನಾಗಿಯೇ ಹೇಳಿದೆ. ಆ ಪಾಠವನ್ನು ಚೆನ್ನಾಗಿ ಹೇಳುತ್ತೇನೆಂದು ಸಭೆಯಲ್ಲಿ ನನಗೆ ಹೆಸರಿತ್ತು.

ಅವಳು ಹೇಳಿದಳು: “ಹಂಗಾರ ತಿಳೀತು ಬಿಡ್ರಿ. ಯಾರೂ ನೋಡದಾಗನೂ ಅಕ್ಕ್ಯಾಗಿನ ಹಳ್ಳು ಆರಸ್ತೀವಲ್ಲ, ಹಂಗ.”

“ಪುಸ್ತಕದಾಗ ಇದ್ದಂಗ ಹೇಳ್ರಿ ಅಕ್ಕಾ,” ಎಂದೆ.

ದಸರಾ ರಜೆ ಮುಗಿದು ಶಾಲೆ ತೆರೆದ ದಿನ. ರಜೆಯಲ್ಲಿ ಮಳೆಯಾಗಿತ್ತು. ಉಗ್ರಾಣದ ಮೂಲೆಯ ಮಾಡು ಸೋರುತ್ತದೆ ಎನ್ನುವುದು ನನಗೆ ಮೊದಲೇ ಗೊತ್ತಿತ್ತು. ಬೇಳೆಯ ಚೀಲವನ್ನು ಎತ್ತಿ ಮೇಜಿನ ಮೇಲೆ ಇಡಿಸಬೇಕಿತ್ತು, ಊರಿಗೆ ಹೋಗುವ ಅವಸರದಲ್ಲಿ ಬೀಗ ಹಾಕಿಕೊಂಡು ಬಂದಿದ್ದೆ. ಅಂದು ಬೆಳಿಗ್ಗೆ ನಾನು ಕಂಪ್ಯೂಟರಿನ ಮುಂದೆ ಕೂತು ಮಕ್ಕಳ ಹಾಜರಿಯನ್ನು ತುಂಬುತ್ತಿದ್ದೆ. ಅವಳು ಮೊರದ ತುಂಬ ಬೇಳೆ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತಳು.

“ಅಕ್ಕೋರ, ಬ್ಯಾಳಿ ಮುಗ್ಗೈತ್ರಿ. ಮೂಸಿ ನೋಡ್ರಿ.”

ನಾನು ಮೂಸಲಿಲ್ಲ. ಅವಳು ನಿಂತ ಕಡೆಯಿಂದಲೇ ವಾಸನೆ ಬರುತ್ತಿತ್ತು. ಬೇಳೆ ಕೆಟ್ಟಿದೆ ಎಂದು ಮೇಲಕ್ಕೆ ಬರೆದರೆ, ಹೇಗೆ ಕೆಟ್ಟಿತು, ಸೋರುವುದು ಗೊತ್ತಿದ್ದೂ ಯಾಕೆ ಎತ್ತಿಡಲಿಲ್ಲ ಎಂದು ಕೇಳುತ್ತಾರೆ. ಅಷ್ಟು ನನ್ನ ತಲೆಯಲ್ಲಿ ಓಡಿತು.

“ಬಿಸಿನೀರಾಗ ಎರಡು ಸಲ ತೊಳಿ. ಚೊಲೊ ಕುದಿಸು. ಕುದ್ದ ಮ್ಯಾಲೆ ಏನೂ ಉಳಿಯಂಗಿಲ್ಲ,” ಎಂದೆ.

“ಇವತ್ತೊಂದಿನ ಬರೇ ಚಿತ್ರಾನ್ನ ಮಾಡ್ಲೇನ್ರಿ? ನಮ್ಮ ಮನ್ಯಾಗಿನ ನಿಂಬಿಕಾಯಿ ತರ್ತೀನಿ.”

“ಏಳನೇ ಕ್ಲಾಸಿಗೆ ವಿಜ್ಞಾನ ಹೇಳೋಳು ನಾನು. ಕುದಿಸಿದ್ರ ಎಲ್ಲಾ ಕ್ರಿಮಿ ಸಾಯ್ತಾವು. ಹೋಗು, ಹೊತ್ತಾತು.”

ಅವಳು ಮೊರ ಹಿಡಿದುಕೊಂಡು ಹಿಂದಿರುಗಿದಳು. ಬೂಷ್ಟಿನ ವಿಷ ಕುದಿಸಿದರೂ ಹೋಗದೆ ಉಳಿಯಬಹುದು ಎನ್ನುವುದನ್ನು ನಾನು ಆಮೇಲೆ ಆಸ್ಪತ್ರೆಯ ಡಾಕ್ಟರಿಂದ ಕೇಳಿ ತಿಳಿದುಕೊಂಡೆ. ನಾನು ಅಷ್ಟು ಗತ್ತಿನಿಂದ ಹೇಳಿದ ವಿಜ್ಞಾನವೂ ಅರ್ಧದ್ದೇ ಆಗಿತ್ತು.

ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಉಂಡು ನೋಡಿ, ರುಚಿ ಪುಸ್ತಕದಲ್ಲಿ ಸಹಿ ಮಾಡಬೇಕು. ನಾನು ಬೆಳಿಗ್ಗೆ ಉಳಿದ ಪುಸ್ತಕಗಳಿಗೆಲ್ಲ ಸಹಿ ಹಾಕುವಾಗ ಅದಕ್ಕೂ ಹಾಕಿಬಿಡುತ್ತಿದ್ದೆ. ಒಲೆ ಹೊತ್ತುವುದಕ್ಕೂ ಮೊದಲೇ ‘ಊಟ ಉತ್ತಮವಾಗಿದೆ’ ಎಂದು ಬರೆದಾಗಿರುತ್ತಿತ್ತು. ವರ್ಷಗಟ್ಟಲೆ ಹಾಗೆ ನಡೆದಿತ್ತು. ಅಂದೂ ಹಾಗೆಯೇ ಆಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಎರಡನೇ ತರಗತಿಯ ಒಬ್ಬ ಹುಡುಗಿ ವಾಂತಿ ಮಾಡಿಕೊಂಡಳು. ಹಿಂದೆಯೇ ಇನ್ನಿಬ್ಬರು. ಅರ್ಧ ಗಂಟೆಯಲ್ಲಿ ಹನ್ನೊಂದು ಮಕ್ಕಳು ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಮಲಗಿದ್ದರು. ಊರಿನವರ ಟಂಟಂ ಗಾಡಿ, ಆಮೇಲೆ ಆಂಬುಲೆನ್ಸು, ಎಲ್ಲರನ್ನೂ ಕೂಡ್ಲಿಗಿಗೆ ಸಾಗಿಸಿದೆವು. ಹತ್ತು ಮಕ್ಕಳು ಸಂಜೆಯೊಳಗೆ ಚೇತರಿಸಿಕೊಂಡರು. ಮೊದಲು ವಾಂತಿ ಮಾಡಿದ ಹುಡುಗಿಗೆ ಮಾತ್ರ ಎರಡು ದಿನ ಗ್ಲೂಕೋಸ್ ಹಚ್ಚಿದ್ದರು. ಅವಳಪ್ಪ ಕುರಿ ಕಾಯುವವನು, ಹೆಗಲ ಮೇಲಿನ ಕಂಬಳಿಯನ್ನೂ ತೆಗೆಯದೆ ಮಂಚದ ಪಕ್ಕ ನಿಂತೇ ಇದ್ದ. ಅವನ ಎದುರು ನಾನು ಹೋಗಿ ಬಂದು ಮಾಡಿದೆ, ಹಣ್ಣು ತಂದುಕೊಟ್ಟೆ. ಅವನು ನನಗೆ ಕೈಮುಗಿದ. 

ಮರುದಿನ ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. ನನ್ನ ಕೋಣೆಯಲ್ಲಿ ಕೂತು ರುಚಿ ಪುಸ್ತಕ ತೆರೆದರು.

“ನೀವು ಉಂಡು ನೋಡಿದ್ರಾ ಮೇಡಂ?”

“ಸಹಿ ಐತಲ್ಲ ಸಾರ್.”

“ಬೇಳೆ ಕೆಟ್ಟಿದ್ದನ್ನ ಅಡುಗೆಯವಳು ನಿಮಗೆ ಹೇಳಿದ್ಲಾ?”

ಮೊದಲನೆಯ ಉತ್ತರದಲ್ಲಿ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ ಎಂದು ನಾನು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ. ಎರಡನೆಯದಕ್ಕೆ ಅಂಥ ಸಮಾಧಾನವೂ ಇಲ್ಲ. “ಇಲ್ಲ ಸಾರ್,” ಎಂದೆ.

ಆಮೇಲೆ ಅವಳನ್ನು ಕರೆಸಿದರು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನಿಂತಳು. ಬೇಳೆ ಕೆಟ್ಟಿದ್ದು ನೋಡಿದ್ದೆಯಾ ಎಂದು ಕೇಳಿದರು. ನೋಡಿದ್ದೆ ಎಂದಳು. ಮತ್ತೆ ಯಾಕೆ ಹಾಕಿದೆ ಎಂದರು. ಅವಳು ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

“ಅಕ್ಕೋರಿಗೆ ಹೇಳಿದ್ನಿರಿ. ತೊಳದು ಕುದಸು ಅಂದ್ರು. ಆದ್ರ ಹಾಕಿದ ಕೈ ನಂದ್ರಿ. ನಾ ಬ್ಯಾಡ ಅಂತ ಕುಂದರಬೇಕಿತ್ತು.”

ಅಧಿಕಾರಿ ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಓದಿದ ಮುಖ್ಯೋಪಾಧ್ಯಾಯಿನಿಯ ತಲೆ ಅಲ್ಲಾಡಿದ್ದು ಒಂದು ಕಡೆ, ಹೆಬ್ಬೆಟ್ಟಿನವಳ ಮಾತು ಇನ್ನೊಂದು ಕಡೆ. ಜೊತೆಗೆ ಬಂದಿದ್ದ ಗುಮಾಸ್ತರು ಅವಳ ಹೇಳಿಕೆಯನ್ನು ಬರೆದು, ಓದಿ ಹೇಳಿದರು. ‘ಬೇಳೆ ಕೆಟ್ಟಿರುವುದನ್ನು ನಾನು ಯಾರ ಗಮನಕ್ಕೂ ತಂದಿರುವುದಿಲ್ಲ’ ಎಂದು ಅದರಲ್ಲಿ ಒಂದು ಸಾಲು ಇತ್ತು. ಮಸಿಯ ಡಬ್ಬಿಯನ್ನು ಅವಳ ಮುಂದೆ ಸರಿಸಿದರು. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

“ಆ ಸಾಲು ತೆಗೀರಿ ಸಾಹೇಬ್ರ. ಉಳಿದದ್ದಕ್ಕೆಲ್ಲ ಒತ್ತತೀನಿ.”

ಹೊರಗೆ ಕೂತು ಯೋಚನೆ ಮಾಡು ಎಂದು ಕಳುಹಿಸಿದರು. ನಾನು ಅವಳ ಹಿಂದೆ ಅಡುಗೆ ಕೋಣೆಗೆ ಹೋದೆ. ಹೋಗಿ, ನಾಚಿಕೆಯಿಲ್ಲದೆ, ‘ಅಕ್ಕಾ’ ಎಂದೆ.

“ಅಕ್ಕಾ, ಒಂದು ಒತ್ತಿಬಿಡ್ರಿ. ನನ್ನ ಕೆಲಸ ಹೋದ್ರ ಶಾಲಿ ಹಾಳಾಗತೈತಿ. ನಿಮ್ಮನ್ನ ಎರಡು ತಿಂಗಳದಾಗ ನಾನ ವಾಪಸ್ ತಗೋತೀನಿ.”

“ಅಕ್ಕೋರ,” ಎಂದಳು ಅವಳು, “ನಿಮಗ ಹೆದರಿಕಿ ಆಗೂದಿಲ್ಲೇನ್ರಿ?”

“ಹೆದರಿಕಿ ಆಗಿದ್ದಕ್ಕ ಬಂದೀನಿ ನಿಮ್ಮ ಹತ್ರ. ಊರವ್ರು, ಆಫೀಸ್ನವ್ರು, ಪೇಪರ್ನವ್ರು...”

“ಅವ್ರದಲ್ರಿ.”

ಅಷ್ಟೇ ಹೇಳಿದಳು. ಮೇಲಕ್ಕೆ ಕೈ ತೋರಿಸಲಿಲ್ಲ, ವಾಕ್ಯ ಹೇಳಲಿಲ್ಲ. ಬೋಗುಣಿ ತಿಕ್ಕಲು ಕೂತಳು. ನನಗೆ ಅರ್ಥವಾಯಿತು, ಅರ್ಥವಾದದ್ದಕ್ಕೇ ಸಿಟ್ಟು ತಲೆಗೇರಿತು. ಅಜ್ಜನ ಕಾಲದಿಂದ ಕ್ರೈಸ್ತರಾದ ಮನೆಯ ನನ್ನನ್ನು, ಆಜ್ಞೆಗಳ ಅನುಕ್ರಮವೂ ಗೊತ್ತಿಲ್ಲದ ಇವಳು ಹೀಗೆ ಕೇಳುತ್ತಾಳೆ ಎಂದುಕೊಂಡೆ.

ಅವಳು ಕೊನೆಗೂ ಹೆಬ್ಬೆಟ್ಟು ಒತ್ತಲಿಲ್ಲ. ಒತ್ತಲು ನಿರಾಕರಿಸಿದ್ದನ್ನೇ ಬರೆದುಕೊಂಡು ಅವಳನ್ನು ಕೆಲಸದಿಂದ ತೆಗೆದರು. ಮಕ್ಕಳ ತಂದೆತಾಯಿಗಳು ಅವಳ ಮನೆ ಮುಂದೆ ನಿಂತು ಬೈದರು. ಅದು ನನಗೆ ಕೇಳಿ ಗೊತ್ತು. ಆ ದಿನ ನಾನು ನಾಲ್ಕು ಗಂಟೆಯ ಬಸ್ಸನ್ನೇ ಹಿಡಿದಿದ್ದೆ.

ಮುಂದಿನ ತಿಂಗಳು ಬಿಷಪ್ಪರು ಬರುವವರಿದ್ದರು. ಅಯ್ಯನವರು ಪಟ್ಟಿ ಕೇಳಿದರು. ನಾಲ್ಕು ಹುಡುಗಿಯರ ಹೆಸರು ಬರೆದುಕೊಟ್ಟೆ. “ಆ ಅಡಿಗಿ ಅಮ್ಮ?” ಎಂದರು. “ಆಕೆಗೆ ಇನ್ನೂ ಪಾಠ ಬಂದಿಲ್ಲ ಅಯ್ಯನವರೇ, ಮುಂದಿನ ಸಲಕ್ಕಿಟ್ಟುಕೊಳ್ಳೋಣ,” ಎಂದೆ. ಪಾಠ ಬಂದಿರಲಿಲ್ಲ ಎನ್ನುವುದು ನಿಜವೇ. ಆದರೆ ನಾನು ಹೆಸರು ಬಿಟ್ಟದ್ದು ಅದಕ್ಕಲ್ಲ. ರೊಟ್ಟಿಗಾಗಿ ಮಂಡಿಯೂರಿ ಕೈಚಾಚುವಾಗ ಪಕ್ಕದಲ್ಲಿ ಅವಳ ಕೈ ಇರುತ್ತದಲ್ಲ, ಅದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಕೆಲಸ ಕಿತ್ತುಕೊಂಡದ್ದಕ್ಕಿಂತ ದೊಡ್ಡ ತಪ್ಪು ಇದೇ ಎಂದು ನನಗೆ ಈಗ ಅನಿಸುತ್ತದೆ. ಅಲ್ಲಿ ಅಂಜಿಕೆಯ ಭರದಲ್ಲಿ ಬಾಯಿಂದ ಸುಳ್ಳು ಬಂತು. ಇಲ್ಲಿ ಕೂತು, ಯೋಚಿಸಿ, ದೇವರ ಹೆಸರಿನಲ್ಲಿಯೇ ಮಾಡಿದೆ.

ಅವಳಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸಬೇಕಾದವಳು ನಾನು. ಆ ಭಾನುವಾರ ಹೊಸದಾಗಿ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟುಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ಬಿಷಪ್ಪರು ಒಂದೊಂದೇ ಹೆಸರು ಕರೆದರು. ನಾಲ್ಕನೆಯ ಹೆಸರಾದ ಮೇಲೆ ಪುಸ್ತಕ ಮುಚ್ಚಿದರು. ಅವಳು ಅರ್ಧ ಎದ್ದವಳು ಹಾಗೇ ಮತ್ತೆ ಕೂತಳು. ಆರಾಧನೆ ಮುಗಿದ ಮೇಲೆ ಎಂದಿನಂತೆ ಚಾಪೆಗಳನ್ನು ಸುತ್ತಿ ಮೂಲೆಗಿಟ್ಟು ಹೋದಳು.  ಅದಾದ ಮೇಲೆ ಅವಳು ಹಳ್ಳಿಯನ್ನೇ ಬಿಟ್ಟು, ಹಡಗಲಿಯ ಆಚೆ ಮಾಗಳದಲ್ಲಿರುವ ಅಕ್ಕನ ಮಗಳ ಮನೆಗೆ ಹೋದಳೆಂದು ತಿಳಿಯಿತು.

ಪಾಪ ಅರಿಕೆಯ ಪ್ರಾರ್ಥನೆಯನ್ನು ನಾವು ಪ್ರತಿ ಭಾನುವಾರ ಒಟ್ಟಿಗೆ ಹೇಳುತ್ತೇವೆ. ಅದು ನನಗೆ ಪುಸ್ತಕವಿಲ್ಲದೆ ಬರುತ್ತದೆ. ಆ ಚಳಿಗಾಲದಲ್ಲಿ ಅದರ ಒಂದೊಂದು ಮಾತೂ ಬಾಯಲ್ಲಿ ಕಲ್ಲಿನಂತೆ ಸಿಕ್ಕಿಕೊಳ್ಳತೊಡಗಿತು. ಭೋಜನಕ್ಕೆ ಮುಂದೆ ಹೋಗುವುದನ್ನು ಬಿಟ್ಟೆ. ಮಂಡಿ ನೋವು, ಊರಲಾಗುವುದಿಲ್ಲ ಎಂದು ನೆಪ ಹೇಳಿದೆ. ಸಭೆಯ ಹೆಂಗಸರು ನನ್ನ ಮಂಡಿಗಾಗಿ ಪ್ರಾರ್ಥನೆ ಮಾಡಿದರು! ಆ ಪ್ರಾರ್ಥನೆಗೂ ನಾನು ಆಮೆನ್ ಎಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಎಷ್ಟು ಸಲೀಸಾಗಿ ಕೂರುತ್ತದೆ ಎಂಬುದು ನನಗೆ ಆಗ ತಿಳಿಯಿತು.

ಬೇಸಿಗೆಗೆ ಮುಂಚೆ ಹೊಸ ಪಾಠ ಶುರುವಾಯಿತು. ಐದು ಜನ ಮಕ್ಕಳು. ಮತ್ತೆ ಅದೇ ಜ್ಞಾನದ ಪಾಠ ಬಂತು. ನಾನು ಅಪ್ಪನ ಮಾತುಗಳನ್ನೆಲ್ಲ ಹೇಳಿ ಮುಗಿಸಿದಾಗ ಒಬ್ಬ ಹುಡುಗಿ ಕೈಯೆತ್ತಿದಳು. “ಟೀಚರ್, ಒಬ್ರಿಗೆ ದೇವರ ಭಯ ಐತೋ ಇಲ್ಲೋ ಅಂತ ಹೆಂಗ ಗೊತ್ತಾಗತೈತ್ರಿ?” ಎಂದಳು. ನನ್ನನ್ನು ಚುಚ್ಚಲು ಕೇಳಿದ್ದಲ್ಲ, ಪಾಪ, ತಿಳಿದುಕೊಳ್ಳಲು ಕೇಳಿದ್ದು.  ಇವತ್ತಿಗೆ ಸಾಕು ಎಂದು ಮಕ್ಕಳನ್ನು ಕಳುಹಿಸಿ, ಖಾಲಿ ಚರ್ಚಿನಲ್ಲಿ ಕೂತುಬಿಟ್ಟೆ. ಮೇಲಧಿಕಾರಿಗೆ ಹೆದರಿದ್ದೆ, ಊರವರಿಗೆ ಹೆದರಿದ್ದೆ, ನನ್ನ ಒಳ್ಳೆಯ ಹೆಸರು ಕೆಡುತ್ತದೆಂದು ಹೆದರಿದ್ದೆ. ಭಯ ನನ್ನಲ್ಲಿ ಬೇಕಾದಷ್ಟಿತ್ತು. ಯಾರ ಬಗ್ಗೆ ಪಾಠ ಹೇಳುತ್ತಿದ್ದೆನೋ ಅವನೊಬ್ಬನನ್ನು ಬಿಟ್ಟು ಉಳಿದೆಲ್ಲರ ಭಯ.

ಮುಂದಿನ ಶನಿವಾರ ರಜೆ ಹಾಕಿ ಹೊರಟೆ. ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ, ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಂದು ಹಿಡಿದು, ಹಡಗಲಿಯಿಂದ ಆಟೋದಲ್ಲಿ ಮಾಗಳಕ್ಕೆ ಹೋದೆ. ಕೊಟ್ಟೂರಿನಲ್ಲಿಯೇ ವಾಪಸ್ ಬಂದುಬಿಡೋಣವೇ ಎಂದು ಎರಡು ಸಲ ಅನಿಸಿತ್ತು. ಹೊಳೆಯ ಕಡೆಯ ಓಣಿಯಲ್ಲಿ ಮನೆ. ಅವಳು ಬಾಗಿಲ ಮುಂದೆ ಕೂತು, ಬೆಳಿಗ್ಗೆ ಕಿತ್ತು ತಂದ ಮಲ್ಲಿಗೆ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಹರವುತ್ತಿದ್ದಳು. ನನ್ನನ್ನು ನೋಡಿ ಎದ್ದಳು.

“ಬರ್ರಿ ಅಕ್ಕೋರ. ಬಿಸಲಾಗ ಬಂದೀರಿ, ನೀರು ಕುಡೀರಿ.”

ನೀರು ಕುಡಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ಬೇಳೆ, ಸಹಿ, “ಇಲ್ಲ ಸಾರ್” ಎಂದದ್ದು, ಪಟ್ಟಿಯಿಂದ ಹೆಸರು ಬಿಟ್ಟದ್ದು, ಎಲ್ಲವನ್ನೂ ಹೇಗೆ ಬಂತೋ ಹಾಗೆ ಹೇಳಿದೆ. ಅವಳು ಮೊಗ್ಗು ಹರವುತ್ತಲೇ ಕೇಳಿಸಿಕೊಂಡಳು.

“ಇಷ್ಟು ದೂರ ಬಂದ್ರಿ,” ಎಂದಳು ಕೊನೆಗೆ, “ನನಗ ಗೊತ್ತಿಲ್ಲದ್ದು ಏನು ಹೇಳಿದ್ರಿ? ಗೊತ್ತಿಲ್ಲದೋರಿಗೆ ಹೇಳ್ರಿ.”

“ಹೇಳ್ತೀನಿ. ನೀವು ನನ್ನ ಕ್ಷಮಿಸ್ತೀರೇನಕ್ಕಾ?”

ಅವಳು ಒದ್ದೆ ಬಟ್ಟೆಯನ್ನು ಮೊಗ್ಗಿನ ಮೇಲೆ ಮಡಿಸಿ ಮುಚ್ಚಿದಳು. ಆಮೇಲೆ, “ನನಗ ಸಿಟ್ಟೈತ್ರಿ. ಇಲ್ಲ ಅಂದ್ರ ಸುಳ್ಳಾಗತೈತಿ. ದಿನಾ ಪ್ರಾರ್ಥನಿಯೊಳಗ ಆತನ ಮುಂದ ಇಟ್ಟು ಏಳ್ತೀನಿ. ಒಲಿ ಹಚ್ಚೂದ್ರಾಗ ಮತ್ತ ಬಂದಿರತೈತಿ. ಏನು ಮಾಡ್ಲಿ?” ಎಂದಳು.

ಅವಳು ಕ್ಷಮಿಸಿದ್ದೇನೆ ಎಂದು ಹೇಳಿಬಿಟ್ಟಿದ್ದರೆ ನಾನು ಹಗುರಾಗಿ ಬಸ್ಸು ಹತ್ತುತ್ತಿದ್ದೆ, ಅಲ್ಲಿಗೇ ಎಲ್ಲವನ್ನೂ ಮುಗಿಸಿಬಿಡುತ್ತಿದ್ದೆ ಕೂಡ. ನನ್ನ ಸ್ವಭಾವ ನನಗೆ ಗೊತ್ತು. ಹೊರಡುವಾಗ ಒಂದು ಹಿಡಿ ಮೊಗ್ಗನ್ನು ಎಲೆಯಲ್ಲಿ ಕಟ್ಟಿ ಕೊಟ್ಟಳು. ಮನೆಗೆ ಬಂದವರಿಗೆ ಕೊಡುವಂತೆ ಕೊಟ್ಟಳು, ಅದಕ್ಕಿಂತ ಹೆಚ್ಚಿನ ಅರ್ಥ ಹಚ್ಚಿಕೊಳ್ಳಲು ನನಗೆ ಧೈರ್ಯವಾಗಲಿಲ್ಲ.

ಸೋಮವಾರ ಮೇಲಕ್ಕೆ ಪತ್ರ ಬರೆದೆ. ಒಂದೇ ಪುಟ. ಎಷ್ಟೋ ಸಲ ‘ಕಾರ್ಯದ ಒತ್ತಡದಿಂದ’ ಎಂಬ ಮಾತು ತಾನಾಗಿಯೇ ಬಂದು ಕೂತಿತು, ಪ್ರತಿ ಸಲವೂ ಅದನ್ನು ಹೊಡೆದುಹಾಕಿದೆ. ನೋಟಿಸು ಬಂತು, ನನ್ನ ಮೇಲೆ ವಿಚಾರಣೆ ನಡೆಯಿತು, ಶಿಕ್ಷೆಯಾಯಿತು, ಮುಖ್ಯೋಪಾಧ್ಯಾಯಿನಿಯ ಹೊಣೆಯನ್ನು ತೆಗೆದು ಬೇರೆ ಶಾಲೆಗೆ ಹಾಕಿದರು. ನಾನು ಅಂಜಿದ್ದಷ್ಟು ದೊಡ್ಡದೇನೂ ಆಗಲಿಲ್ಲ. ಆರು ತಿಂಗಳು ಮೊದಲೇ ಹೇಳಿದ್ದರೂ ಇಷ್ಟೇ ಆಗುತ್ತಿತ್ತು ಎನ್ನುವುದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಅವಳ ಮೇಲಿನ ಆರೋಪವನ್ನು ತೆಗೆದುಹಾಕಿದರು. ಆದರೆ ಅವಳ ಜಾಗಕ್ಕೆ ಬೇರೊಬ್ಬಳು ಬಂದಾಗಿತ್ತು, ಬಂದವಳೂ ಬಡವಿ. ಮಾಗಳಕ್ಕೆ ಹೋದವಳು ವಾಪಸ್ ಬರಲಿಲ್ಲ.

ಸಭೆಯಲ್ಲಿ ಅಯ್ಯನವರ ಅಪ್ಪಣೆ ಪಡೆದು, ಆರಾಧನೆಯ ನಂತರ ಎದ್ದುನಿಂತು ಹೇಳಿದೆ.  ಮಂಡಿಯ ಸುಳ್ಳನ್ನು ಒಪ್ಪಿಕೊಂಡಾಗ ಒಬ್ಬ ಮುದುಕಿ ಬಾಯಿಗೆ ಸೆರಗು ಇಟ್ಟುಕೊಂಡಳು, ನಗುವೋ ಅಳುವೋ ತಿಳಿಯಲಿಲ್ಲ. ಪಾಠ ಹೇಳುವುದನ್ನು ಬಿಟ್ಟೆ. ಮರುವರ್ಷ ಹಡಗಲಿಯಲ್ಲಿ ಆ ಅಡುಗೆಯ ಅಕ್ಕನಿಗೆ ದೃಢೀಕರಣವಾಯಿತೆಂದು ಅಯ್ಯನವರು ಹೇಳಿದರು. ನನ್ನನ್ನು ಕರೆದಿರಲಿಲ್ಲ. ಕರೆಯಬೇಕಾದ ಕಾರಣವೂ ಇರಲಿಲ್ಲ.

ಇನ್ನು ಅಂದು ವಾಂತಿ ಮಾಡಿಕೊಂಡ ಮಕ್ಕಳ ಹನ್ನೊಂದು ಮನೆಗಳು ಉಳಿದಿದ್ದವು. ವರ್ಗವಾಗಿ ಆ ಶಾಲೆ ಬಿಡುವ ಮೊದಲೇ ಒಂದೊಂದೇ ಮನೆಗೆ ಹೋಗಿದ್ದೆ. ಒಬ್ಬಾಕೆ ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡಳು. ಒಂದು ಮನೆಯಲ್ಲಿ ಚಹಾ ಕೊಟ್ಟು, ಹೋಗಲಿ ಬಿಡ್ರಿ ಎಂದರು. ಕೊನೆಯದು ಕುರಿ ಕಾಯುವವನ ಮನೆ. ಊರಾಚೆ, ಗುಡ್ಡದ ಬುಡದಲ್ಲಿ. ಅವನು ಹಟ್ಟಿಯ ಬೇಲಿಗೆ ಜಾಲಿ ಮುಳ್ಳು ಎಳೆದು ಹಾಕುತ್ತಿದ್ದ. ಅವನ ಹೆಂಡತಿಯನ್ನೂ ಕರೆದು ಇಬ್ಬರ ಎದುರು ಹೇಳಿದೆ. ಅವನು ನನ್ನನ್ನು ಬೈಯುತ್ತಾನೆಂದು ಕಾದಿದ್ದೆ. ಅವನು ಮುಳ್ಳಿನ ಕೋಲನ್ನು ನೆಲಕ್ಕೆ ಹಾಕಿ ಹೆಂಡತಿಯ ಮುಖ ನೋಡಿದ.

“ನಾವು ಆಕಿ ಮನಿ ಮುಂದ ನಿಂತು ಬೈದು ಬಂದೀವ್ರಿ,” ಎಂದ. “ಬಾಯಿಗೆ ಬಂದಂಗ ಬೈದೀವಿ. ಇಕಿ ಮಣ್ಣು ತೂರಿದ್ಲು. ಆಕಿ ಒಂದು ಮಾತು ಆಡ್ಲಿಲ್ಲ. ಈಗ ಅದಕ್ಕೇನು ಮಾಡೂದ್ರಿ ಟೀಚರ?”

ಅವನ ಹೆಂಡತಿ ಅಳಲು ಶುರುಮಾಡಿದಳು. ನನ್ನ ಸುಳ್ಳು ನನ್ನದು ಮಾತ್ರ ಎಂದುಕೊಂಡಿದ್ದೆ. ಏನೂ ತಪ್ಪು ಮಾಡದ ಇವರ ಕೈಯಿಂದಲೂ ಅದು ಮಣ್ಣು ತೂರಿಸಿತ್ತು. 

“ಆಕಿ ಈಗ ಎಲ್ಲಿ ಅದಾಳ್ರಿ?” ಎಂದು ಅವನೇ ಕೇಳಿದ.

ಮಾಗಳ ಎಂದೆ. ಅವನು ಅಷ್ಟು ದೂರ ಹೋದವನಲ್ಲ. ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬೇಕು ಎಂದು ನಾನು ಹೇಳಿದ್ದನ್ನು ಬೆರಳು ಮಡಿಸುತ್ತ ಎರಡು ಸಲ ನನ್ನೆದುರೇ ಹೇಳಿ ನೋಡಿಕೊಂಡ. ಕುರಿಗಳನ್ನು ಅಣ್ಣನ ಕೈಗೆ ಒಪ್ಪಿಸಿ, ಆ ವಾರವೇ ಹೆಂಡತಿಯನ್ನೂ ಆ ಹುಡುಗಿಯನ್ನೂ ಕರೆದುಕೊಂಡು ಹೋಗಿ ಬಂದನಂತೆ. ಅಲ್ಲಿ ಏನು ಮಾತಾಯಿತು ಎಂದು ಅವನು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.